ಬೇಕರಿ ಗೋದಾಮಿನಲ್ಲಿ ಕೆಲಸ ಸಿಕ್ಕಿದೆಯಾ? ಮೊದಲು ಡೇಟ್ ಓದೋದು ಕಲಿ

ತಮ್ಮ, ಕೆನಡಾದ ಬ್ರಾಂಪ್ಟನ್‌ಗೆ ಬಂದು ಮೂರು ವಾರ ಆಯ್ತು, ದೊಡ್ಡ ಬೇಕರಿಯ ಗೋದಾಮಿನಲ್ಲಿ ನೈಟ್ ಶಿಫ್ಟ್ ಸಿಕ್ಕಿದೆ, ಸ್ಕ್ಯಾನರ್ ಹಿಡಿದು ಮಾಲಿನ ಲೆಕ್ಕ ಇಡಬೇಕಂತೆ, ಬಿ.ಕಾಂ. ಓದಿದವನಿಗೆ ಇದು ಒಗ್ಗುತ್ತಾ ಅಂತ ಕೇಳಿದ್ದೀಯ. ಒಗ್ಗುತ್ತೆ. ನಾನೂ ಇಲ್ಲಿ ಶುರು ಮಾಡಿದ್ದು ಇದರಲ್ಲೇ.

ಸ್ಕ್ಯಾನರ್ ಕಲಿಯೋಕೆ ಎರಡು ದಿನ ಸಾಕು. ಪ್ಯಾಲೆಟ್, ಅಂದ್ರೆ ಮಾಲು ಪೇರಿಸಿಡೋ ಹಲಗೆ, ಅದರ ಮೇಲಿನ ಬಾರ್‌ಕೋಡ್ ಚೀಟಿ ಸ್ಕ್ಯಾನ್ ಮಾಡು, ಅದನ್ನು ಇಟ್ಟ ಜಾಗದ ಕೋಡ್ ಸ್ಕ್ಯಾನ್ ಮಾಡು, ಲಾರಿಗೆ ಹತ್ತಿಸುವಾಗ ಮತ್ತೊಂದು ಸಲ. ಅಷ್ಟೇ. ತಲೆ ಕೆಡೋದು ಡಬ್ಬದ ಮೇಲೆ ಮಾಲು ಯಾವತ್ತಿನವರೆಗೆ ಚೆನ್ನಾಗಿರುತ್ತೆ ಅಂತ ಹಾಕಿರೋ ಡೇಟ್ ಓದುವಾಗ. ಇಲ್ಲಿ ಇಂಗ್ಲಿಷ್, ಫ್ರೆಂಚ್ ಎರಡಕ್ಕೂ ಹೊಂದಲಿ ಅಂತ ತಿಂಗಳ ಹೆಸರಿಗೆ ಎರಡೇ ಇಂಗ್ಲಿಷ್ ಅಕ್ಷರ ಹಾಕುತ್ತಾರೆ. ಎಂಆರ್ ಅಂದ್ರೆ ಮಾರ್ಚ್, ಎಂಎ ಅಂದ್ರೆ ಮೇ, ಎಎಲ್ ಏಪ್ರಿಲ್. ನಾನು ಸೇರಿದ ಹೊಸದು, ಏಪ್ರಿಲ್ ತಿಂಗಳು. ಫ್ರೀಜರ್‌ನಲ್ಲಿದ್ದ ಕ್ರೊಸಾಂ ಡಬ್ಬಗಳ ಮೇಲೆ 'ಎಂಎ 08' ಅಂತಿತ್ತು. ಎಂಎ ಅಂದ್ರೆ ಮಾರ್ಚ್, ಅದು ಮುಗಿದೇ ಹೋಯ್ತಲ್ಲ ಅಂದುಕೊಂಡು ಒಳ್ಳೆ ಮಾಲು ಎರಡು ಪ್ಯಾಲೆಟ್ ಹೋಲ್ಡ್‌ಗೆ, ಅಂದ್ರೆ ಕಳಿಸದೆ ತಡೆದಿಡೋ ಮಾಲಿಗೆ, ಹಾಕಿಬಿಟ್ಟೆ, ಆ ರಾತ್ರಿ ಲಾರಿ ಎರಡು ಪ್ಯಾಲೆಟ್ ಕಮ್ಮಿಯಲ್ಲೇ ಹೊರಟಿತು. ಸೂಪರ್‌ವೈಸರ್ ಬೈಯಲಿಲ್ಲ. ಕೈಗೆ ಮಾರ್ಕರ್ ಕೊಟ್ಟು, ಹರಿದ ರಟ್ಟಿನ ಮೇಲೆ ಹನ್ನೆರಡು ತಿಂಗಳನ್ನೂ ಬರೆಸಿದ. ಬೈದಿದ್ದರೇ ವಾಸಿ ಇತ್ತು!

ಒಟ್ಟಿಗೆ ತಯಾರಾದ ಮಾಲಿಗೆ ಹಾಕೋ ಗುರುತಿನ ನಂಬರ್, ಅಂದ್ರೆ ಲಾಟ್ ನಂಬರ್‌ನಲ್ಲಿ, ಕೆಲವು ಕಡೆ ವರ್ಷದ ಎಷ್ಟನೇ ದಿನ ಅಂತ ಇರುತ್ತೆ. 045 ಅಂದ್ರೆ ಫೆಬ್ರುವರಿ 14. ಇದನ್ನ ಸುಮ್ನೆ ಬರೆಯೋದಲ್ಲ. 2019ರ ಜನವರಿಯಿಂದ ಇಲ್ಲಿ ಹೊಸ ಆಹಾರ ನಿಯಮ ಬಂದಿದೆ, ಮಾಲು ಯಾರಿಂದ ಬಂತು, ಯಾರಿಗೆ ಹೋಯ್ತು ಅನ್ನೋ ದಾಖಲೆ ಇರಲೇಬೇಕು. ಎಳ್ಳು ಹಾಕಿದ ಬನ್ನು ಅಪ್ಪಿತಪ್ಪಿ ಎಳ್ಳಿಲ್ಲದ ಬನ್ನಿನ ಕವರ್‌ಗೆ ಹೋಯ್ತು ಅಂತಿಟ್ಟುಕೋ. ನಮ್ಮ ಕಡೆ ಅದೇನು ಮಹಾ ಅನ್ನುತ್ತಾರೆ, ಇಲ್ಲಿ ಎಳ್ಳು ಅಲರ್ಜಿ ಇರೋರ ಜೀವಕ್ಕೇ ಸಂಚಕಾರ. ಆಗ ಯಾವ ಯಾವ ಅಂಗಡಿಯಿಂದ ವಾಪಸ್ ತರಿಸಬೇಕು ಅಂತ ಗೊತ್ತಾಗೋದು ನೀನು ಮಾಡಿದ ಸ್ಕ್ಯಾನ್‌ನಿಂದಲೇ. ಅದಕ್ಕೇ ಒಂದು ಮಾತು, ಬ್ರೇಕ್‌ಗೆ ಹೋಗುವಾಗ ಲಾಗ್ ಔಟ್ ಮಾಡಿ ಹೋಗು, ಎಷ್ಟೇ ದೋಸ್ತಿ ಇದ್ದರೂ ನಿನ್ನ ಲಾಗಿನ್ ಯಾರಿಗೂ ಕೊಡಬೇಡ. ಅವರು ಮಾಡಿದ ತಪ್ಪು ನಿನ್ನ ಹೆಸರಲ್ಲೇ ಕೂರುತ್ತೆ.

ಫ್ರೀಜರ್ ಮೈನಸ್ 18 ಡಿಗ್ರಿ ಇರುತ್ತೆ, ಕಾಲ್ಚೀಲ ಎರಡು ಜೊತೆ ಹಾಕು. ಬೆರಳಿನ ಮೇಲೆ ಸ್ಟೀಲ್ ಇರೋ ಸ್ಟೀಲ್ ಟೋ ಶೂ ಒಂದು ಸೈಜ್ ದೊಡ್ಡದೇ ತಗೋ. ಬಿ.ಕಾಂ. ಹಾಳಾಗಲ್ಲ, ಸ್ವಲ್ಪ ದಿನ ಆದ ಮೇಲೆ ಸ್ಟಾಕ್ ಲೆಕ್ಕದ ಮೇಜಿನ ಕೆಲಸ ಖಾಲಿ ಇದೆಯಾ ಅಂತ ನೀನೇ ಬಾಯಿಬಿಟ್ಟು ಕೇಳು, ಅವರಾಗಿ ಕರೆಯಲ್ಲ. ಬ್ರೆಡ್ ವಾಸನೆಗೆ ಮೊದಲ ವಾರ ಹಸಿವು ಜಾಸ್ತಿ. ಆಮೇಲೆ ನಾನಂತೂ ಬೆಳಗ್ಗೆ ಮನೆಗೆ ಬಂದು ಅವಲಕ್ಕಿನೇ ತಿನ್ನುತ್ತಿದ್ದೆ.