ಪುಸ್ತಕ ಓದಿ ಟ್ಯೂಬ್ ಆಂಪ್ ಡಿಸೈನ್ ಮಾಡೋಕಾಗುತ್ತಾ?

ಪ್ರಶ್ನೆ: ಗಿಟಾರ್ ನುಡಿಸ್ತೀನಿ, ಸೋಲ್ಡರಿಂಗ್ ಬರುತ್ತೆ. ಟ್ಯೂಬ್ ಆಂಪ್ (ಗಾಜಿನ ವಾಲ್ವ್ ಹಾಕಿದ ಗಿಟಾರ್ ಆಂಪ್ಲಿಫೈಯರ್) ಡಿಸೈನ್ ಕಲಿಯೋಣ ಅಂತ ದಪ್ಪ ದಪ್ಪ ಪುಸ್ತಕ ಹಿಡ್ಕೊಂಡು ಕೂತಿದೀನಿ. ಓಮ್ಸ್ ಲಾ ತನಕ ಸಲೀಸು, ಆಮೇಲೆ ಆ ಬಾಗಿದ ಗೆರೆಗಳ ಗ್ರಾಫ್ ಬಂದ್ರೆ ತಲೆಬುಡ ಗೊತ್ತಾಗಲ್ಲ. ಪೂರ್ತಿ ಓದಿ ಮುಗಿಸಿನೇ ಮುಂದೆ ಹೋಗ್ಬೇಕಾ?

ಉತ್ತರ: ಬೇಡ ಮಾರಾಯ್ರೇ, ಹಾಗೆ ಓದೋಕೆ ಹೋದ್ರೆ ಮೂರನೇ ಅಧ್ಯಾಯಕ್ಕೇ ಪುಸ್ತಕ ಅಟ್ಟ ಸೇರುತ್ತೆ. ಫೆಂಡರ್ ಚಾಂಪ್ 5ಎಫ್1 ಅನ್ನೋ ಪುಟ್ಟ ಆಂಪಿನ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಪಕ್ಕದಲ್ಲಿಟ್ಕೊಳ್ಳಿ, ಗಿಟಾರ್ ಸಿಗ್ನಲ್ ಹಿಗ್ಗಿಸೋಕೆ ಒಂದು 12ಎಎಕ್ಸ್7, ಸ್ಪೀಕರ್ ಓಡಿಸೋಕೆ ಒಂದು 6ವಿ6, ಎಸಿನ ಡಿಸಿ ಮಾಡೋಕೆ ಒಂದು ರೆಕ್ಟಿಫೈಯರ್, ಅಷ್ಟೇ ಟ್ಯೂಬು. ಅದ್ರಲ್ಲಿ ಯಾವ ಭಾಗ ಅರ್ಥ ಆಗ್ಲಿಲ್ವೋ ಅದನ್ನ ಪುಸ್ತಕದಲ್ಲಿ ಹುಡುಕಿ.

ಇನ್ನು ಆ ಗ್ರಾಫು. 12ಎಎಕ್ಸ್7 ಡೇಟಾಶೀಟ್ (ತಯಾರಕರು ಕೊಡೋ ವಿವರಪತ್ರ, ಗ್ರಾಫ್ ಅದ್ರಲ್ಲೇ ಇರುತ್ತೆ) ಪ್ರಿಂಟ್ ತಗೊಂಡು ಪೆನ್ಸಿಲ್, ಸ್ಕೇಲ್ ಹಿಡಿದು ಕೂತ್ಕೊಳ್ಳಿ, ಬರೀ ಕಣ್ಣಲ್ಲಿ ಓದಿದ್ರೆ ಇದು ತಲೆಗೆ ಹತ್ತಲ್ಲ. ಟ್ಯೂಬೊಳಗೆ ಕ್ಯಾಥೋಡಿಂದ ಪ್ಲೇಟಿಗೆ ಎಲೆಕ್ಟ್ರಾನ್ ಹರಿಯುತ್ತೆ, ಮಧ್ಯದ ಗ್ರಿಡ್ ಅದನ್ನ ಹಿಡಿತದಲ್ಲಿಡುತ್ತೆ; ಒಂದೊಂದು ಬಾಗಿದ ಗೆರೆನೂ ಒಂದೊಂದು ಗ್ರಿಡ್ ವೋಲ್ಟೇಜಿಗೆ. ಸಪ್ಲೈ 300 ವೋಲ್ಟ್, ಪ್ಲೇಟ್ ರೆಸಿಸ್ಟರ್ 100ಕೆ (ಒಂದು ಲಕ್ಷ ಓಮ್) ಅಂದ್ಕೊಳ್ಳಿ. ಕೆಳಗಡೆ ಅಕ್ಷದಲ್ಲಿ 300 ವೋಲ್ಟ್ ಹತ್ರ ಒಂದು ಚುಕ್ಕಿ, ಪಕ್ಕದ ಅಕ್ಷದಲ್ಲಿ 3 ಮಿಲಿಆಂಪ್ ಹತ್ರ ಇನ್ನೊಂದು (300ನ್ನ 100ಕೆಯಿಂದ ಭಾಗಿಸಿದ್ರೆ ಅಷ್ಟೇ ಬರೋದು), ಎರಡನ್ನೂ ಸೇರಿಸಿ ಗೆರೆ ಎಳೀರಿ, ಲೋಡ್ ಲೈನ್ ಅಂದ್ರೆ ಇದೇ. ಈ ಗೆರೆ ಗ್ರಿಡ್ ಮೈನಸ್ 1.5 ವೋಲ್ಟಿನ ಕರ್ವ್ ದಾಟೋ ಜಾಗ ನೋಡಿ, ಸುಮಾರು 1 ಮಿಲಿಆಂಪ್, ಪ್ಲೇಟಲ್ಲಿ 200 ವೋಲ್ಟ್ ಆಸುಪಾಸು. ತುಂಬಾ ಸ್ಕೀಮ್ಯಾಟಿಕ್‌ಗಳಲ್ಲಿ ಕ್ಯಾಥೋಡ್‌ಗೆ 1.5ಕೆ ರೆಸಿಸ್ಟರ್ ಯಾಕೆ ಹಾಕಿರ್ತಾರೆ ಅಂತ ಆಗ ತಾನಾಗೇ ಹೊಳೆಯುತ್ತೆ, 1 ಮಿಲಿಆಂಪ್ ಅದ್ರಲ್ಲಿ ಹರಿದ್ರೆ ಬರೋದು ಅದೇ 1.5 ವೋಲ್ಟ್. ಅಲ್ಲಿಂದ ಗ್ರಿಡ್ ಸೊನ್ನೆ ಕಡೆ ಹೋದ್ರೆ ಗ್ರಿಡ್ ಕರೆಂಟ್ ಶುರುವಾಗಿ ಒಂದು ತುದಿ ಚಪ್ಪಟೆ, ಇನ್ನೊಂದು ಕಡೆ ಕರೆಂಟೇ ನಿಂತು ಕಟ್ಆಫ್, ಡಿಸ್ಟಾರ್ಷನ್ (ಸ್ವರ ಒಡೆದು ಕೇಳಿಸೋದು) ಹುಟ್ಟೋದೇ ಇಲ್ಲಿ.

ಪ್ರಶ್ನೆ: ಕ್ಯಾಥೋಡ್ ಬೈಪಾಸ್ ಕೆಪಾಸಿಟರ್ (ಕ್ಯಾಥೋಡ್ ರೆಸಿಸ್ಟರಿಗೆ ಪ್ಯಾರಲಲ್ ಹಾಕೋದು) ದೊಡ್ಡದಿರ್ಬೇಕು ಅಂತ ಹಳೇ ಹೈಫೈ ಪುಸ್ತಕ ಹೇಳುತ್ತೆ, ಗಿಟಾರ್ ಆಂಪಲ್ಲಿ ನೋಡಿದ್ರೆ ಕೆಲವು ಕಡೆ ಬರೀ 0.68 ಮೈಕ್ರೋಫ್ಯಾರಡ್. ಯಾವುದು ಸರಿ?

ಉತ್ತರ: ಎರಡೂ ಸರಿನೇ, ಗುರಿ ಬೇರೆ. ಹೈಫೈನೋರಿಗೆ ಎಲ್ಲಾ ಸ್ವರನೂ ಸಮನಾಗಿ ಬರ್ಬೇಕು, ಅವರಿಗೆ ಡಿಸ್ಟಾರ್ಷನ್ ಅಂದ್ರೆ ರೋಗ. ನಮಗೆ ಅದು ಬೇಕು, ಆದ್ರೆ 82 ಹರ್ಟ್ಸಿನ ದಪ್ಪ ಇ ತಂತಿ ಪೂರ್ತಿ ಗೇನ್ (ವರ್ಧನೆ) ತಗೊಂಡು ಮುಂದಿನ ಸ್ಟೇಜಿಗೆ ನುಗ್ಗಿದ್ರೆ ಓವರ್‌ಡ್ರೈವ್ ಕೆಸರು ಕೆಸರಾಗುತ್ತೆ. 25 ಮೈಕ್ರೋಫ್ಯಾರಡ್ ಹಾಕಿದ್ರೆ ಗಿಟಾರಿನ ಅಷ್ಟೂ ಸ್ವರ ಏಳುತ್ತೆ, 0.68 ಹಾಕಿದ್ರೆ ಬೇಸ್ ಹಿಂದೆ ಉಳಿದು ಮೇಲಿನದ್ದು ಮಾತ್ರ ಏಳುತ್ತೆ. ಮೊಸಳೆ ಕ್ಲಿಪ್ಪಲ್ಲಿ ಒಂದೊಂದಾಗಿ ಹಾಕಿ ಕಿವಿಯಿಂದಲೇ ಕೇಳಿ. ಪ್ರತಿ ಸಲನೂ ಪವರ್ ಆಫ್ ಮಾಡಿ ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್ (ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್) ಖಾಲಿ ಆಗಿದ್ಯಾ ಅಂತ ಮೀಟರಲ್ಲಿ ನೋಡಿಯೇ ಕೈ ಹಾಕಿ, ಆಫ್ ಮಾಡಿದ ಮೇಲೂ ಅದು ಜೀವ ತೆಗೆಯೋವಷ್ಟು ಚಾರ್ಜ್ ಇಟ್ಕೊಂಡಿರುತ್ತೆ. ಸ್ಪೀಕರ್ ಹಾಕದೆ ಆಂಪ್ ಆನ್ ಮಾಡೋದೂ ಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗ್ಬಹುದು.