ಮಕ್ಕಳ ಲೆಕ್ಕದಲ್ಲಿ 1.7 ಅಂದರೇನು?

ಪ್ರಶ್ನೆ: ಕರ್ನಾಟಕದ ಒಟ್ಟು ಫಲವತ್ತತೆ ದರ 1.7ಕ್ಕೆ ಇಳಿದಿದೆಯಂತೆ. ಇದನ್ನು ಲೆಕ್ಕ ಹಾಕುವುದು ಹೇಗೆ? ನಮ್ಮ ಹೆಣ್ಣುಮಕ್ಕಳು ಇನ್ನು ಸರಾಸರಿ ಇಷ್ಟೇ ಹೆರುತ್ತಾರೆ ಎಂದರ್ಥವೇ?

ಉತ್ತರ: ಇದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ. 15ರಿಂದ 49 ವರ್ಷದ ಹೆಂಗಸರನ್ನು ಐದೈದು ವರ್ಷದ ಏಳು ಗುಂಪು ಮಾಡುತ್ತಾರೆ. ಒಂದೊಂದು ಗುಂಪಿನಲ್ಲೂ ಸಾವಿರ ಹೆಂಗಸರಿಗೆ ವರ್ಷಕ್ಕೆ ಎಷ್ಟು ಮಕ್ಕಳು ಹುಟ್ಟಿದರು ಎಂದು ನೋಡುತ್ತಾರೆ. ಏಳನ್ನೂ ಕೂಡಿ, 5ರಿಂದ ಗುಣಿಸಿ, 1000ದಿಂದ ಭಾಗಿಸಬೇಕು. ಕೂಡಿದ ಮೊತ್ತ 340 ಆದರೆ ಉತ್ತರ 1.7.

ತೊಡಕು ಇರುವುದು ಇಲ್ಲೇ. ಇವತ್ತಿನ 20ರ ಹುಡುಗಿಯರನ್ನೂ 40ರ ಹೆಂಗಸರನ್ನೂ ಸೇರಿಸಿ ಒಬ್ಬ ಕಾಲ್ಪನಿಕ ಹೆಂಗಸಿನ ಬದುಕು ಕಟ್ಟಿದ್ದೇವೆ. ಬಹಳ ಜನ ಹೆರಿಗೆ ಮುಂದೂಡಿದರೂ ಅಂಕಿ ಕುಸಿಯುತ್ತದೆ. ಜಪಾನಿನಲ್ಲಿ 1965ರಲ್ಲಿ 2.14 ಇದ್ದ ದರ 1966ರಲ್ಲಿ 1.58ಕ್ಕೆ ಬಿತ್ತು, 1967ರಲ್ಲಿ 2.23ಕ್ಕೆ ಏರಿತು. ನಮ್ಮ ಸಂವತ್ಸರಗಳಂತೆ ಅಲ್ಲೂ 60 ವರ್ಷದ ಚಕ್ರವಿದೆ. 1966 ಅದರಲ್ಲಿ ‘ಬೆಂಕಿ ಕುದುರೆ’ಯ ವರ್ಷ. ಆಗ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ಎಂಬ ನಂಬಿಕೆ, ನಮ್ಮಲ್ಲಿ ಮೂಲಾ ನಕ್ಷತ್ರದ ಹೆಣ್ಣನ್ನು ಮಾವನಿಗೆ ಆಗದು ಎನ್ನುವ ಹಾಗೆ. ದಂಪತಿಗಳು ಆ ಒಂದು ವರ್ಷ ತಪ್ಪಿಸಿಕೊಂಡರು, ಅಷ್ಟೆ. ಆ ತಲೆಮಾರಿನ ತಾಯಂದಿರಿಗೆ ಕೊನೆಗೆ ಸರಾಸರಿ ಸುಮಾರು ಎರಡು ಮಕ್ಕಳೇ ಆದರು.

ಹಾಗಾಗಿ ಒಂದೇ ಅಂಕಿ ನೋಡಿ ಗಾಬರಿಯಾಗಬೇಡಿ, ವಯಸ್ಸಿನ ಪಟ್ಟಿ ತೆಗೆದು ನೋಡಿ. 20–24ರಲ್ಲಿ ಇಳಿದದ್ದು ಕೆಲವು ವರ್ಷಗಳಲ್ಲಿ 30–34ರಲ್ಲಿ ಏರಿದರೆ ಅದು ಮುಂದೂಡಿಕೆ. ಅಲ್ಲೂ ಏರದಿದ್ದರೆ ನಿಜವಾದ ಇಳಿಕೆ. ಕರ್ನಾಟಕದ್ದು ಬಹುಪಾಲು ನಿಜವಾದ ಇಳಿಕೆಯೇ. ಇಲ್ಲಿ ಮದುವೆಯಾದ, ಹೆರುವ ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮತ್ತೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರು ಮಾಡಿಸಿಕೊಳ್ಳುವುದು ಅಪರೂಪ. ಭಾರವೆಲ್ಲ ಹೆಂಗಸರ ಮೇಲೇ ಬಿದ್ದಿರುವುದು ಅನ್ಯಾಯ. ಗಂಡಸರ ಆಪರೇಷನ್ ಇನ್ನೂ ಸರಳ, ಹೊಟ್ಟೆ ಕೊಯ್ಯುವ ಮಾತೇ ಇಲ್ಲ.

ಪ್ರಶ್ನೆ: ಈ ದರ 2.1ಕ್ಕಿಂತ ಕೆಳಗಿಳಿದರೆ ಜನಸಂಖ್ಯೆ ಕುಗ್ಗಬೇಕಲ್ಲವೇ? ಬೆಳೆಯುತ್ತಲೇ ಇದೆಯಲ್ಲ?

ಉತ್ತರ: ಕುಗ್ಗುತ್ತದೆ, ಆದರೆ ತಡವಾಗಿ. ಮನೆಗೆ ಮೂರು-ನಾಲ್ಕು ಮಕ್ಕಳಿದ್ದ ಕಾಲದಲ್ಲಿ ಹುಟ್ಟಿದವರ ದೊಡ್ಡ ಗುಂಪು ಈಗ ತಾಯ್ತಂದೆಯರ ವಯಸ್ಸಿನಲ್ಲಿದೆ. ತಲಾ ಎರಡಕ್ಕಿಂತ ಕಡಿಮೆ ಹೆತ್ತರೂ ಹುಟ್ಟುವ ಒಟ್ಟು ಮಕ್ಕಳ ಸಂಖ್ಯೆ ಸಾಯುವವರಿಗಿಂತ ಹೆಚ್ಚು. ಆ ಗುಂಪು ಮುಪ್ಪಾಗುವವರೆಗೆ, ಅಂದರೆ ಇನ್ನೂ ಹಲವು ವರ್ಷ, ಬೆಳವಣಿಗೆ ನಿಲ್ಲದು. ಇನ್ನು ತಂದೆ-ತಾಯಿ ಇಬ್ಬರ ಜಾಗ ತುಂಬಲು ಬರೀ 2 ಅಲ್ಲದೆ 2.1 ಏಕೆಂದರೆ, ಸಹಜವಾಗಿಯೇ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ, ಕೆಲವು ಹೆಣ್ಣುಮಕ್ಕಳು ತಾಯಾಗುವ ವಯಸ್ಸಿಗೆ ಮೊದಲೇ ತೀರಿಕೊಳ್ಳುತ್ತಾರೆ. ಹೆಣ್ಣುಭ್ರೂಣ ಹತ್ಯೆ ನಡೆಯುವ ಕಡೆ 2.1 ಕೂಡ ಸಾಲದು.