ಕಾಸರಗೋಡಿನ ಕನ್ನಡ ಶಾಲೆಗೆ ಕಂಪ್ಯೂಟರ್ ತರುವ ಮೊದಲು

ಕಚೇರಿಯಲ್ಲಿ ಉಳಿದಿರುವ ಹತ್ತು ಹಳೆಯ ಕಂಪ್ಯೂಟರುಗಳನ್ನು ನಮ್ಮ ಕಡೆಯ ಹಳ್ಳಿ ಶಾಲೆಯೊಂದಕ್ಕೆ ಕೊಟ್ಟು, ದಸರಾ ರಜೆಯಲ್ಲಿ ಬಂದು ಮಕ್ಕಳಿಗೆ ಕಲಿಸುವ ಯೋಚನೆ ಇದೆ, ಏನೇನು ತಯಾರಿ ಬೇಕು ಎಂದು ಕೇಳಿದ್ದೀರಿ. ಮೊದಲು ದಿನ ಬದಲಿಸಿ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ, ಶಾಲೆ ನಡೆಯುವುದೂ ಕೇರಳದ ಲೆಕ್ಕದಲ್ಲಿ. ಜೂನ್‌ಗೆ ಶುರು, ಮಾರ್ಚ್‌ಗೆ ಮುಗಿಯುತ್ತದೆ. ನಡುವೆ ಓಣಂ ರಜೆ, ಕ್ರಿಸ್ಮಸ್ ರಜೆ. ನಿಮ್ಮ ದಸರಾ ರಜೆಯ ಹೊತ್ತಿಗೆ ಇಲ್ಲಿ ಪಾಠ ನಡೆಯುತ್ತಿರುತ್ತದೆ. ಓಣಂ ಮುಗಿದ ಮೇಲಿನ ಶನಿವಾರಗಳು ಅನುಕೂಲ.

ಎರಡನೆಯದಾಗಿ, ಇಲ್ಲಿನ ಶಾಲೆಗಳಲ್ಲಿ ಕಂಪ್ಯೂಟರೇ ಇಲ್ಲ ಎಂದುಕೊಳ್ಳಬೇಡಿ. ಕೇರಳದ ಐಟಿ@ಸ್ಕೂಲ್ ಯೋಜನೆ 2001ರಲ್ಲೇ ಶುರುವಾಯಿತು. ಅದೇ 2017ರಲ್ಲಿ ‘ಕೈಟ್’ ಎಂಬ ಸರಕಾರಿ ಕಂಪನಿಯಾಯಿತು. 2018ರ ಹೈಟೆಕ್ ಯೋಜನೆಯಲ್ಲಿ ರಾಜ್ಯದ 8ರಿಂದ 12ರವರೆಗಿನ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಡುವ ಕೆಲಸ ಆಯಿತು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಮಾಧ್ಯಮದ ಮಕ್ಕಳಿಗೂ ಐಟಿ ಒಂದು ಪರೀಕ್ಷೆಯ ವಿಷಯ. ಹತ್ತನೆಯದರಲ್ಲಿ ಥಿಯರಿಯನ್ನೂ ಕಂಪ್ಯೂಟರಿನಲ್ಲೇ ಬರೆಯಬೇಕು. ಯಂತ್ರದ ಕೊರತೆ ಕಾಣುವುದು ಹೆಚ್ಚಾಗಿ ಎಲ್.ಪಿ., ಯು.ಪಿ. ಶಾಲೆಗಳಲ್ಲಿ, ಅಂದರೆ 1ರಿಂದ 7ರವರೆಗೆ. ಆದರೆ ಯಂತ್ರ ಇರುವ ಕಡೆಯೂ ಒಂದು ಕೊರತೆ ಇದೆ: ಅದರೊಳಗೆ ಕನ್ನಡ ಸಾಲುವುದಿಲ್ಲ. ನಿಮ್ಮಂಥವರ ಕೈ ನಿಜವಾಗಿ ಬೇಕಾದದ್ದು ಅಲ್ಲಿ.

ಹಾಗಾಗಿ ವಿಂಡೋಸ್ ಮತ್ತು ಕರ್ನಾಟಕದಲ್ಲಿ ಕನ್ನಡ ಟೈಪ್ ಮಾಡಲು ಬಳಸುವ ‘ನುಡಿ’ ತಂತ್ರಾಂಶ ಹಾಕಿಕೊಂಡು ತರಬೇಡಿ. ಇಲ್ಲಿನ ಪಠ್ಯ, ಪರೀಕ್ಷೆ ಎಲ್ಲವೂ ಉಬುಂಟು ಆಧರಿಸಿದ, ಕೈಟ್ ಹೊರತಂದ ಲಿನಕ್ಸ್ ಮೇಲೆ. ಲಿನಕ್ಸ್ ಎಂದರೆ ವಿಂಡೋಸಿನ ಬದಲು ಬಳಸುವ ಉಚಿತ ವ್ಯವಸ್ಥೆ, ಉಬುಂಟು ಅದರದ್ದೇ ಒಂದು ರೂಪ. ಚಿತ್ರ, ಗಣಿತ, ಪ್ರೋಗ್ರಾಮಿಂಗ್ ಪಾಠಕ್ಕೆ ಬೇಕಾದ ಜಿಂಪ್, ಇಂಕ್‌ಸ್ಕೇಪ್, ಜಿಯೋಜಿಬ್ರಾ, ಪೈಥನ್ ಎಲ್ಲ ಅದರಲ್ಲೇ ಬರುತ್ತವೆ. ಶಾಲೆಯ ಐಟಿ ಜವಾಬ್ದಾರಿ ಹೊತ್ತ ಟೀಚರನ್ನು ಎಸ್.ಐ.ಟಿ.ಸಿ. ಎನ್ನುತ್ತಾರೆ, ಪ್ರಾಥಮಿಕದಲ್ಲಿ ಪಿ.ಎಸ್.ಐ.ಟಿ.ಸಿ. ಅವರ ಹತ್ತಿರ ಪೆನ್‌ಡ್ರೈವ್ ಇರುತ್ತದೆ, ಅದರಿಂದಲೇ ಇನ್‌ಸ್ಟಾಲ್ ಮಾಡಿ. ಇನ್ನೊಂದು ತರಗತಿಯ ಯಂತ್ರಕ್ಕೂ ನಿಮ್ಮ ಯಂತ್ರಕ್ಕೂ ವ್ಯತ್ಯಾಸ ಇರಬಾರದು.

ಇನ್ನು ಕೀಬೋರ್ಡ್. ಕರ್ನಾಟಕದಲ್ಲಿ ರೂಢಿಯಾಗಿರುವುದು ನುಡಿಯ ಜತೆ ಬಂದ, ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸ. ಲಿನಕ್ಸ್‌ನಲ್ಲಿ ಬರೇ ‘ಕನ್ನಡ’ ಎಂದು ಆರಿಸಿದರೆ ಬರುವುದು ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿ ವಿನ್ಯಾಸ; ರಾವ್ ಅವರದ್ದು ಬೇಕಾದರೆ ಅದೇ ಪಟ್ಟಿಯಲ್ಲಿ ‘ಕಗಪ’ ಎಂದು ಬೇರೆಯೇ ಇದೆ. ನಮ್ಮ ಕಡೆಗೆ ಇನ್‌ಸ್ಕ್ರಿಪ್ಟ್ ಒಳ್ಳೆಯದು. ಅದರಲ್ಲಿ ಎಲ್ಲ ಭಾರತೀಯ ಲಿಪಿಗಳಿಗೂ ಅಕ್ಷರದ ಜಾಗ ಒಂದೇ. ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮಲಯಾಳದ ‘ಕ’ ಇದೆ. ಕನ್ನಡ ಡಿವಿಶನ್‌ನ ಮಗು ತಡವರಿಸಿದಾಗ ಮಲಯಾಳಂ ಡಿವಿಶನ್‌ನ ಟೀಚರ್ ಕೂಡ ಬೆರಳಿಟ್ಟು ತೋರಿಸಬಲ್ಲರು. ಎರಡೂ ಡಿವಿಶನ್ ಒಂದೇ ಸೂರಿನಡಿ ಇರುವ ಶಾಲೆಯಲ್ಲಿ ಇದು ಸಣ್ಣ ಸಹಾಯವಲ್ಲ.

ಎಡಗೈಯಲ್ಲಿ ಸ್ವರ, ಬಲಗೈಯಲ್ಲಿ ವ್ಯಂಜನ ಎಂಬುದು ಸ್ಥೂಲ ನಿಯಮ. ‘ಶಾಲೆ’ ಬರೆಯಲು ಶಿಫ್ಟ್ ಒತ್ತಿ ಎಂ, ಆಮೇಲೆ ಇ, ಎನ್, ಝಡ್. ‘ಅಮ್ಮ’ನಿಗೆ ಶಿಫ್ಟ್ ಜತೆ ಡಿ, ಆಮೇಲೆ ಸಿ, ಡಿ, ಸಿ; ಇಲ್ಲಿ ನಡುವಿನ ಡಿ ಎಂದರೆ ಒತ್ತಕ್ಷರ ಮಾಡುವ ಅರ್ಧಚಿಹ್ನೆ. ಒತ್ತಕ್ಷರ ಬರೆಯುವಾಗ ನೋಟ್‌ಬುಕ್ಕಿನಲ್ಲಿ ಕೈ ಕೆಳಗೆ ಹೋಗುತ್ತದೆ, ಇಲ್ಲಿ ನಡುವೆ ಒಂದು ಕೀಲಿ ಸೇರುತ್ತದೆ, ಇದನ್ನು ಮಗುವಿಗೆ ಬೋರ್ಡಿನಲ್ಲಿ ಬಿಡಿಸಿ ತೋರಿಸಿ. ಇಷ್ಟು ತಲೆಗೆ ಹೋದರೆ ಐದನೆಯ ಕ್ಲಾಸಿನ ಮಗು ವಾರದೊಳಗೆ ತನ್ನ ಹೆಸರು, ಮನೆ ಹೆಸರು, ಊರು ಬರೆಯುತ್ತದೆ. ಕೀಲಿಗಳ ಮೇಲೆ ಅಂಟಿಸುವ ಸ್ಟಿಕ್ಕರ್ ಬೇಡ, ನಮ್ಮ ಸೆಕೆಗೆ ಬೇಗ ಏಳುತ್ತದೆ. ಎ4 ಹಾಳೆಯಲ್ಲಿ ಕೀಲಿಮಣೆಯ ಚಿತ್ರ ಮುದ್ರಿಸಿ ಲ್ಯಾಮಿನೇಟ್ ಮಾಡಿ ಪ್ರತಿ ಯಂತ್ರದ ಪಕ್ಕ ಇಡಿ.

ಕರ್ನಾಟಕದಿಂದ ಕಥೆ, ಪ್ರಶ್ನೆಪತ್ರಿಕೆ ತರುವಾಗಲೂ ಜಾಗ್ರತೆ. ಹಳೆಯ ನುಡಿ ಫಾಂಟಿನ ಫೈಲು ಇಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ಪರಿವರ್ತಿಸಿಯೇ ತನ್ನಿ, ಪರಿವರ್ತಿಸಿದ ಮೇಲೆ ಅರ್ಕಾವತ್ತುಗಳನ್ನು ಓದಿ ನೋಡಿ. ಹಳೆಯ ಫಾಂಟುಗಳು ಕಣ್ಣಿಗೆ ಕಂಡ ಕ್ರಮದಲ್ಲಿ ಅಕ್ಷರದ ತುಂಡುಗಳನ್ನು ಇಡುತ್ತವೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ. ‘ಸೂರ್ಯ’ದಂಥ ಶಬ್ದ ಎಡವುವುದು ಅಲ್ಲೇ. ಮುದ್ರಣಕ್ಕೆ ಗುಬ್ಬಿ, ನವಿಲು ಎಂಬ ಫಾಂಟುಗಳು ಉಬುಂಟುವಿನಲ್ಲೇ ಸಿಗುತ್ತವೆ.

ಯಂತ್ರಗಳ ವಿಷಯ: 64 ಬಿಟ್ ಅಲ್ಲದ್ದನ್ನು ತರಬೇಡಿ, ಹೊಸ ಉಬುಂಟು ಅದರಲ್ಲಿ ಕೂರುವುದಿಲ್ಲ. ರ‍್ಯಾಮ್ ಕನಿಷ್ಠ 4 ಜಿಬಿ, ಹಳೆಯ ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿಯ ಎಸ್ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಹಾಕಿ. ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿಗಳನ್ನೂ ಹೊಸದು ಹಾಕಿ. ಅದು ಸತ್ತರೆ ತಾರೀಕು ಹಿಂದಕ್ಕೆ ಹೋಗುತ್ತದೆ, ಆಮೇಲೆ ಇಂಟರ್ನೆಟ್ಟಿದ್ದರೂ ಪುಟಗಳು ತೆರೆಯುವುದಿಲ್ಲ, ಎಲ್ಲರೂ ನೆಟ್‌ವರ್ಕಿಗೆ ಬೈಯುತ್ತಾರೆ. ಲ್ಯಾಪ್‌ಟಾಪ್ ಸಿಕ್ಕಿದರೆ ಇನ್ನೂ ಲೇಸು. ಹತ್ತು ಡೆಸ್ಕ್‌ಟಾಪಿಗೆ ಹತ್ತಿರ ಹತ್ತಿರ ಒಂದು ಕಿಲೋವಾಟ್ ಬೇಕು, ಲ್ಯಾಪ್‌ಟಾಪಿಗೆ ಅದರ ಅರ್ಧ ಸಾಕು, ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ.

ಕರೆಂಟಿನದ್ದು ಇಲ್ಲಿ ದೊಡ್ಡ ವಿಷಯ. ಬೇಸಗೆಯಲ್ಲಿ ಅಡಿಕೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ ಇಳಿಯುತ್ತದೆ. ಆಗ ಯುಪಿಎಸ್ ಮತ್ತೆ ಮತ್ತೆ ಬ್ಯಾಟರಿಗೆ ತಿರುಗಿ, ಬ್ಯಾಟರಿ ಬೇಗ ಸಾಯುತ್ತದೆ. ಲ್ಯಾಬಿಗೆ ಪ್ರತ್ಯೇಕ ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್), 2.5 ಚದರ ಮಿಲಿಮೀಟರಿನ ತಾಮ್ರದ ವಯರು ಹಾಕಿಸಿ. ಒಂದು ಎಕ್ಸ್‌ಟೆನ್ಷನ್‌ಗೆ ಇನ್ನೊಂದು ಸಿಕ್ಕಿಸುವ ಕೆಲಸ ಬೇಡ. ನಮ್ಮ ಶಾಲೆಗಳು ಹಲವು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದ ಮೇಲಿವೆ. ಮಾರ್ಚ್ ಹೊತ್ತಿಗೆ ಆ ನೆಲ ಒಣಗಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ, ಬೇಸಗೆಯಲ್ಲಿ ವಾರಕ್ಕೊಮ್ಮೆ ನೀರು ಹೊಯ್ಯುವಂತೆ ಹೇಳಿಡಿ. ಮೀಟರ್ ಇಟ್ಟು ನ್ಯೂಟ್ರಲ್ ಮತ್ತು ಅರ್ಥ್ ನಡುವೆ ನೋಡುವಾಗ 3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರೀಷಿಯನ್ನನ್ನು ಕರೆಸದೆ ಯಂತ್ರ ಜೋಡಿಸಬೇಡಿ.

ಸಿಡಿಲು ಬರುವುದು ಮುಂಗಾರಿನ ಮೊದಲು ಮತ್ತು ಅಕ್ಟೋಬರ್–ನವೆಂಬರಿನ ಸಂಜೆಗಳಲ್ಲಿ, ಶಾಲೆ ಬಿಟ್ಟ ಮೇಲೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಎಳೆಯಬೇಕು, ನೆಟ್‌ವರ್ಕ್ ಕೇಬಲನ್ನೂ ತೆಗೆಯಬೇಕು. ಯಂತ್ರ ಸುಡುವುದು ಎಷ್ಟೋ ಸಲ ಆ ಕೇಬಲಿನ ದಾರಿಯಿಂದ. ದೊಡ್ಡ ಮಕ್ಕಳಿಬ್ಬರಿಗೆ ಈ ಕೆಲಸ ವಹಿಸಿ. ಮಳೆಗಾಲದ ತೇವಕ್ಕೆ ಪ್ರೊಜೆಕ್ಟರಿನ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ, ಏಪ್ರಿಲ್–ಮೇ ರಜೆಯಲ್ಲಿ ಸಾಕೆಟ್ಟುಗಳಿಗೆ ಇರುವೆ ಸೇರುತ್ತದೆ. ವಾರಕ್ಕೊಮ್ಮೆ ಒಂದು ಗಂಟೆ ಎಲ್ಲವನ್ನೂ ಓಡಿಸಲು ಯಾರಾದರೂ ಬೇಕು.

ಪಾಠ ಕನ್ನಡದಲ್ಲೇ ಮಾಡಿ, ಆದರೆ ನಿಮ್ಮ ಎದುರು ಕೂತ ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳಂ, ಹವ್ಯಕ ಯಾವುದೂ ಇರಬಹುದು. ‘ಕಡತ’, ‘ಕೀಲಿಮಣೆ’ ಎಂದು ಒತ್ತಾಯಿಸಬೇಡಿ. ಫೈಲು, ಕೀಬೋರ್ಡು ಎಲ್ಲರಿಗೂ ಗೊತ್ತು. ಒಂದು ಯಂತ್ರಕ್ಕೆ ಇಬ್ಬರಿಗಿಂತ ಹೆಚ್ಚು ಬೇಡ, ಮೂರನೆಯ ಮಗು ಮೌಸ್ ಮುಟ್ಟದೆ ಗಂಟೆ ಕಳೆಯುತ್ತದೆ.

ಕೊಡುವ ಮೊದಲು ಎಚ್.ಎಂ. (ಮುಖ್ಯೋಪಾಧ್ಯಾಯರು) ಹತ್ತಿರ ಲಿಖಿತವಾಗಿ ಕೇಳಿ. ಅನುದಾನಿತ ಶಾಲೆಯಾದರೆ ಮ್ಯಾನೇಜರಿಗೂ ತಿಳಿಸಬೇಕು. ಪಿ.ಟಿ.ಎ. (ಹೆತ್ತವರ ಮತ್ತು ಶಿಕ್ಷಕರ ಸಂಘ) ಸಭೆಯಲ್ಲಿ ಒಂದು ಮಾತು ಆಗಲಿ. ಪ್ರತಿ ಯಂತ್ರದ ಸೀರಿಯಲ್ ನಂಬರ್ ಸ್ಟಾಕ್ ರಿಜಿಸ್ಟರಿನಲ್ಲಿ ಏರಲೇಬೇಕು, ಇಲ್ಲದಿದ್ದರೆ ಕೆಟ್ಟಾಗ ರಿಪೇರಿಗೆ ಹಣ ತೆಗೆಯಲು ಅವರಿಗೆ ದಾರಿ ಇರುವುದಿಲ್ಲ. ನೀವು ಹೊರಡುವ ದಿನ ಎರಡು ಎಸ್ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ), ನಾಲ್ಕು ಮೌಸ್, ಒಂದು ಇನ್‌ಸ್ಟಾಲ್ ಪೆನ್‌ಡ್ರೈವ್ ಐಟಿ ಜವಾಬ್ದಾರಿಯ ಟೀಚರ ಅಲಮಾರಿನಲ್ಲಿ ಇಟ್ಟು ಹೋಗಿ.